ಕೆಂಪವ್ವ ಕೂಗಿದ ಚರಗ

ಹೂಲಿಯ ಕೆಂಪವ್ವ ಕೂಗಿದರೆ ಚಚಡಿಯವರೆಗೆ ಕೇಳಿಸುತ್ತಿತ್ತು ಎಂದು ನಮ್ಮೂರಿನವರು ಹೇಳುತ್ತಾರೆ. ಅದು ಸುಳ್ಳು. ಚಚಡಿ ಎಲ್ಲಿ, ಹೂಲಿ ಎಲ್ಲಿ! ನಮ್ಮೂರಿನವರಿಗೆ ಯಾವುದನ್ನೂ ಇದ್ದಷ್ಟೇ ಹೇಳಿ ಗೊತ್ತಿಲ್ಲ. ಆದರೆ ಊರ ಈ ತುದಿಯಲ್ಲಿ ನಿಂತು ಆ ತುದಿಯ ಎತ್ತನ್ನು ಬೆದರಿಸುವಷ್ಟು ದನಿ ಅವಳಿಗಿತ್ತು ಎಂಬುದಕ್ಕೆ ನಾನೇ ಸಾಕ್ಷಿ. ನಾನು ಕಂಡಾಗ ಅವಳು ಹಣ್ಣು ಮುದುಕಿ. ಹಲ್ಲೆಲ್ಲ ಬಿದ್ದಿದ್ದವು, ದನಿ ಮಾತ್ರ ಬಿದ್ದಿರಲಿಲ್ಲ.

ನಾನು ಹೇಳಹೊರಟಿರುವುದು ಅವಳ ನಡುವಯಸ್ಸಿನ ಮಾತು. ಇಪ್ಪತ್ತನೆಯ ಶತಮಾನ ಹುಟ್ಟಿ ಇನ್ನೂ ಹತ್ತು ವರ್ಷ ಆಗಿರಲಿಲ್ಲ. ಆಗ ಕೆಂಪವ್ವ ನಮ್ಮಜ್ಜ ರಾಮಲಿಂಗಪ್ಪನ ಎರೆಹೊಲದಲ್ಲಿ ಹಕ್ಕಿ ಕಾಯುತ್ತಿದ್ದಳು. ಇದನ್ನು ನನಗೆ ಹೇಳಿದವಳು ಅಜ್ಜಿ ಸುಂದರವ್ವ. ಅಜ್ಜನೂ ಹೇಳುತ್ತಿದ್ದ, ಆದರೆ ಅವನು ಹೇಳುವಾಗ ತನ್ನ ತಲೆಯ ಪಟಗ ಜಾರಿ ಬಿದ್ದ ಭಾಗವನ್ನು ಬಿಟ್ಟುಬಿಡುತ್ತಿದ್ದ. ಹಾಗಾಗಿ ನಾನು ಅಜ್ಜಿಯ ಪಕ್ಷ.

ಹಿಂಗಾರಿ ಜೋಳ ತೆನೆ ಹಿರಿದು, ಕಾಳಿನಲ್ಲಿ ಹಾಲು ತುಂಬುವ ಹೊತ್ತಿಗೆ ಊರಿನ ಮೇಲೆ ಹಕ್ಕಿಗಳ ದಾಳಿ ಶುರುವಾಗುತ್ತದೆ. ಗುಬ್ಬಿ, ಗೊರವಂಕ, ಗಿಳಿ, ಕಾಗೆ, ಯಾವುದಕ್ಕೂ ನಾಚಿಕೆ ಎಂಬುದಿಲ್ಲ. ಹೊಲದ ನಡುವೆ ನಾಲ್ಕು ಕಂಬ ನೆಟ್ಟು, ಮೇಲೆ ಕಟ್ಟಿಗೆ ಹಾಸಿ ಅಟ್ಟ ಕಟ್ಟುತ್ತಾರೆ. ಅದರ ಮೇಲೆ ನಿಂತು ಕೂಗಬೇಕು, ಕವಣೆ ಬೀಸಿ ಕಲ್ಲು ಹೊಡೆಯಬೇಕು. ಬೆಳಕು ಹರಿದಾಗ ಹತ್ತಿದರೆ ಹೊತ್ತು ಮುಳುಗುವಾಗ ಇಳಿಯುವುದು. ಬಿಸಿಲು, ಗಾಳಿ, ಒಂಟಿತನ. ಗಂಡಸರು ಆ ಕೆಲಸಕ್ಕೆ ಬಂದರೆ ಮಧ್ಯಾಹ್ನಕ್ಕೆ ಅಟ್ಟದ ಕೆಳಗಿನ ನೆರಳಲ್ಲಿ ಗೊರಕೆ ಹೊಡೆಯುತ್ತಿದ್ದರು. ಕೆಂಪವ್ವ ಮಾತ್ರ ಅಟ್ಟವನ್ನು ಬಿಟ್ಟು ಇಳಿದವಳಲ್ಲ. ಅವಳು "ಹೋಯ್" ಎಂದರೆ ಅದರ ಹಿಂದೆಯೇ ಕಲ್ಲು ಬರುತ್ತದೆ ಎಂದು ಹಕ್ಕಿಗಳಿಗೆ ಗೊತ್ತಿತ್ತು. ಕಲ್ಲು ಗುರಿ ತಪ್ಪುತ್ತಿರಲಿಲ್ಲ ಎನ್ನುವುದೂ ಗೊತ್ತಿತ್ತು. ಸುಗ್ಗಿಯಾದ ಮೇಲೆ ಕೂಲಿ ಎಂದು ಜೋಳ ಅಳೆದು ಕೊಡುತ್ತಿದ್ದರು. ಅದರಲ್ಲಿ ಅವಳ ವರ್ಷ ಕಳೆಯುತ್ತಿತ್ತು.

ಅವಳಿಗೆ ಹಿಂದೆ ಮುಂದೆ ಯಾರೂ ಇರಲಿಲ್ಲ. ಗಂಡ ಮದುವೆಯಾದ ಎರಡನೇ ವರ್ಷ ಕಾಲರಾದಲ್ಲಿ ಹೋಗಿದ್ದ. ತವರಿನ ಹೊಲವನ್ನು ದಾಯಾದಿಗಳು ಹಂಚಿಕೊಂಡಿದ್ದರು. ಇದನ್ನು ಅವಳು ಅಳುತ್ತ ಹೇಳಿದ್ದನ್ನು ಯಾರೂ ಕಂಡಿಲ್ಲ. ಅವಳಿಗೆ ಇದ್ದದ್ದು ಒಂದೇ ಒಂದು ಆಸೆ, ಅದನ್ನು ಕೇಳಿದರೆ ನಗು ಬರುತ್ತದೆ. ಅವಳಿಗೆ ಚರಗ ಕೂಗಬೇಕಾಗಿತ್ತು.

ಚರಗ ಎಂದರೆ ಎಳ್ಳ ಅಮಾವಾಸ್ಯೆಯ ದಿನ ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಬನ್ನಿಮರದ ಕೆಳಗೆ ಐದು ಕಲ್ಲು ಇಟ್ಟು, ಸುಣ್ಣ ಹಚ್ಚಿ ಪೂಜೆ ಮಾಡಿ, ತಂದ ಅಡುಗೆಯನ್ನೆಲ್ಲ ಒಂದಿಷ್ಟು ಕಲಸಿ ಹೊಲದ ನಾಲ್ಕೂ ದಿಕ್ಕಿಗೆ ಚೆಲ್ಲುವುದು. ಭೂಮಿತಾಯಿ ಬಸುರಿ, ಅವಳ ಬಯಕೆ ತೀರಿಸಬೇಕು ಎಂಬುದು ಲೆಕ್ಕ. ಹೊಲದ ಯಜಮಾನ ಬುಟ್ಟಿ ಹಿಡಿದು "ಹುಲ್ಲುಲ್ಲಿಗ್ಯೋ" ಎಂದು ಕೂಗಿ ಚೆಲ್ಲುತ್ತ ಮುಂದೆ ನಡೆಯುತ್ತಾನೆ. ಮನೆಯವರಲ್ಲೊಬ್ಬರು ಅಂಬಲಿಯ ಗಡಿಗೆ ಹಿಡಿದು "ಚಲ್ಲಂಬ್ರಿಗ್ಯೋ" ಎಂದು ಉತ್ತರ ಕೊಡುತ್ತ, ಅವನು ಚೆಲ್ಲಿದ್ದರ ಮೇಲೆ ಅಂಬಲಿ ಚಿಮುಕಿಸುತ್ತ ಹಿಂದೆ ಹೋಗುತ್ತಾರೆ. ಮುಂದೆ ಕೂಗಲು ಹೊಲ ಇರಬೇಕು, ಹಿಂದೆ ಉತ್ತರ ಕೊಡಲು ಮನೆಯವರಿರಬೇಕು. ಕೆಂಪವ್ವನಿಗೆ ಎರಡೂ ಇರಲಿಲ್ಲ. ಚಿಕ್ಕವಳಿದ್ದಾಗ ಅಪ್ಪನ ಹಿಂದೆ ಗಡಿಗೆ ಹಿಡಿದು ಓಡಿದ್ದಳಂತೆ. "ನಾನೂ ಮುಂದ ಕೂಗತೇನಿ" ಎಂದರೆ ಅಪ್ಪ ನಕ್ಕು, "ನಿನ್ನ ಹೊಲದಾಗ ಕೂಗವ್ವಾ" ಎಂದಿದ್ದನಂತೆ.

ಹಾಗಾಗಿ ಅವಳು ಒಂದು ಉಪಾಯ ಮಾಡಿಕೊಂಡಿದ್ದಳು. ನಮ್ಮ ಹೊಲದ ಅಟ್ಟವನ್ನೇ ತನ್ನ ಹೊಲ ಎಂದುಕೊಂಡಳು. ನಾಲ್ಕು ಕಂಬದ ನಡುವಿನಷ್ಟು ಜಾಗ, ಮಲಗಿದರೆ ಕಾಲು ಹೊರಗೆ ಬರುತ್ತಿತ್ತು. ಮಧ್ಯಾಹ್ನ ಅಜ್ಜ ಊಟಕ್ಕೆಂದು ಮನೆಗೆ ಹೋದಾಗ ಅವಳು ಬುತ್ತಿ ಬಿಚ್ಚಿ, ರೊಟ್ಟಿಯ ಅಂಚು ಮುರಿದು ನಾಲ್ಕೂ ದಿಕ್ಕಿಗೆ ಎಸೆಯುತ್ತ ಗಂಟಲು ಬಿಚ್ಚಿ "ಹುಲ್ಲುಲ್ಲಿಗ್ಯೋ" ಎಂದು ಕೂಗುತ್ತಿದ್ದಳು. ಸ್ವಲ್ಪ ತಡೆದು, ಬೇರೆ ಯಾರೋ ಹೇಳಿದರೆನ್ನುವಂತೆ ಸಣ್ಣ ದನಿಯಲ್ಲಿ "ಚಲ್ಲಂಬ್ರಿಗ್ಯೋ" ಎಂದು ತಾನೇ ಉತ್ತರ ಕೊಟ್ಟುಕೊಳ್ಳುತ್ತಿದ್ದಳು. ಊರಿಗೆಲ್ಲ ವರ್ಷಕ್ಕೊಮ್ಮೆ ಚರಗ, ಕೆಂಪವ್ವನಿಗೆ ಜೋಳ ಕಾಯುವಷ್ಟು ದಿನವೂ ಚರಗ.

ಹಕ್ಕಿಗಳಿಗೆ ಇದರ ಅರ್ಥ ಆಗಲು ಬಹಳ ದಿನ ಹಿಡಿಯಲಿಲ್ಲ. ಮೊದಲು ಒಂದು ಗೊರವಂಕ ಬಂತು. ಅದರ ಹಿಂದೆ ಅದರ ಸಂಸಾರ. ಆಮೇಲೆ ಕಾಗೆಗಳು ಬಂದವು, ಕಾಗೆಗಳು ಬಂದ ಮೇಲೆ ಊರಿಗೇ ಸುದ್ದಿ ಆದಂತೆ. "ಹೋಯ್" ಎಂದರೆ ಕಲ್ಲು, "ಹುಲ್ಲುಲ್ಲಿಗ್ಯೋ" ಎಂದರೆ ರೊಟ್ಟಿ ಎಂದು ಅವು ಕಲಿತವು. ಬೆಳಗ್ಗೆಯಿಂದ ಅಕ್ಕಪಕ್ಕದ ಹೊಲದ ಬೇಲಿಯಲ್ಲಿ ತೆಪ್ಪಗೆ ಕುಳಿತಿರುತ್ತಿದ್ದವು. ಮಧ್ಯಾಹ್ನದ ಕೂಗು ಕೇಳಿದೊಡನೆ ಹಾರಿ ಬಂದು, ತಿಂದು, ಕವಣೆ ಬೀಸುವ ಮೊದಲೇ ಹೋಗುತ್ತಿದ್ದವು. ಕೆಂಪವ್ವ ಅವುಗಳಿಗೆ ಬೈಯುತ್ತಿದ್ದಳು, ಸುಖದುಃಖ ಹೇಳುತ್ತಿದ್ದಳು, ಕುಂಟ ಕಾಗೆಯೊಂದಕ್ಕೆ ಬೇರೆಯಾಗಿ ತುಣುಕು ಇಡುತ್ತಿದ್ದಳು. ಹೊಲಕ್ಕೇನೂ ನಷ್ಟವಾಗಲಿಲ್ಲ. ಅಜ್ಜನಿಗೂ ಏನೂ ಗೊತ್ತಾಗಲಿಲ್ಲ, ದನಿ ಮನೆಯವರೆಗೆ ಕೇಳಿದರೂ ಹಕ್ಕಿ ಓಡಿಸುತ್ತಿದ್ದಾಳೆ ಎಂದುಕೊಳ್ಳುತ್ತಿದ್ದ.

ಗೊತ್ತಾದದ್ದು ಎಳ್ಳ ಅಮಾವಾಸ್ಯೆಯ ದಿನ.

ನಮ್ಮಜ್ಜನದೊಂದು ಚಟ ಇತ್ತು. ಊರಿನಲ್ಲಿ ಎಲ್ಲರಿಗಿಂತ ಮೊದಲು ತನ್ನ ಹೊಲದ ಚರಗ ಆಗಬೇಕು. ಆ ವರ್ಷ ಕಿತ್ತೂರಿನಿಂದ ಬೀಗರು ಬೇರೆ ಬಂದಿದ್ದರು, ನನ್ನ ಸೋದರತ್ತೆಯ ಮದುವೆ ಆಗಷ್ಟೇ ನಿಶ್ಚಯವಾಗಿತ್ತು. ಅಜ್ಜಿ ಕೋಳಿ ಕೂಗುವ ಮೊದಲೇ ಎದ್ದು ಸಜ್ಜೆ ಕಡಬು, ಶೇಂಗಾ ಹೋಳಿಗೆ, ಪುಂಡಿಪಲ್ಯ, ಎಣ್ಣೆಗಾಯಿ ಎಲ್ಲ ಮಾಡಿದ್ದಳು. ಅಜ್ಜ ಹೊಸ ಪಟಗ ಸುತ್ತಿಕೊಂಡು ಬೀಗರ ಎದುರು ಬುಟ್ಟಿ ಹಿಡಿದು ನಿಂತ. ಉಳಿದ ಹೊಲಗಳಲ್ಲಿ ಇನ್ನೂ ಬಂಡಿ ಬಂದು ಎತ್ತುಗಳ ಕೊಳ್ಳು ಬಿಚ್ಚಿರಲಿಲ್ಲ. ಅಜ್ಜ ಎದೆಯುಬ್ಬಿಸಿ ಕೂಗಿದ.

"ಹುಲ್ಲುಲ್ಲಿಗ್ಯೋ!"

ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಬೇಲಿಯಿಂದ, ಬೇವಿನಮರದಿಂದ, ಹಳ್ಳದ ದಂಡೆಯಿಂದ, ಹಳೆಯ ಕಲ್ಲುಗುಡಿಯ ಶಿಖರದಿಂದ ಹಕ್ಕಿಗಳು ಎದ್ದವು. ಕೂಗೇನೋ ಅದೇ, ಆದರೆ ಇವತ್ತು ರೊಟ್ಟಿಯ ಅಂಚಲ್ಲ, ಬುಟ್ಟಿ ತುಂಬ ಹೋಳಿಗೆ! ಅಜ್ಜ ಚೆಲ್ಲುವುದಕ್ಕೆ ಕೈ ಎತ್ತುವಷ್ಟರಲ್ಲಿ ಬುಟ್ಟಿ ಖಾಲಿಯಾಗತೊಡಗಿತು. ಒಂದು ಕಾಗೆ ಅವನ ತಲೆಯ ಮೇಲೆಯೇ ಕುಳಿತು ಸರದಿ ಕಾಯಿತು. ಪಟಗ ಬಿಚ್ಚಿ ಹೆಗಲ ಮೇಲೆ ಬಂತು. ಹಿಂದೆ ಅಂಬಲಿ ಹಿಡಿದು ನಿಂತಿದ್ದ ಅಜ್ಜಿ ಗಡಿಗೆಯನ್ನು ಕೆಳಗಿಟ್ಟು ಓಡಿದಳು. ಬೀಗರು ಬಂಡಿಯ ಕೆಳಗೆ ಹೊಕ್ಕರು. ಹೋಳಿಗೆ ಸಿಗದ ಹಕ್ಕಿಗಳು, ಬಂದದ್ದು ದಂಡವಾಗಬಾರದೆಂದು, ಹಾಲ್ಗಾಳಿನ ತೆನೆಗೆ ಮುತ್ತಿದವು.

ಆಗಲಾದರೂ ಕೆಂಪವ್ವ ಕವಣೆ ಬೀಸಬೇಕಿತ್ತು. ಬೀಸಲಿಲ್ಲ. ಅಟ್ಟದ ಮೇಲೆ ಹೊಟ್ಟೆ ಹಿಡಿದುಕೊಂಡು ಬಿದ್ದು ಬಿದ್ದು ನಗುತ್ತಿದ್ದಳು. ಅವಳ ದನಿ ಎಂಥದೆಂದು ಹೇಳಿದ್ದೇನೆ, ನಗೆಯೂ ಅದಕ್ಕೆ ತಕ್ಕಂತೆ ಇತ್ತು. ಪಕ್ಕದ ಹೊಲಗಳಿಗೆ ಬರುತ್ತಿದ್ದ ಬಂಡಿಗಳು ನಿಂತವು.

ಅಜ್ಜ ಪಟಗ ಕೈಯಲ್ಲಿ ಹಿಡಿದು ಅಟ್ಟದ ಕೆಳಗೆ ಬಂದ. "ಏನ ಇದು ಕೆಂಪವ್ವ? ಯಾಕ ಹಿಂಗ ಬಂದ್ವು ಇವು?"

ಅವಳಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಕಣ್ಣೊರೆಸಿಕೊಳ್ಳುತ್ತ, "ಅಣ್ಣಾರ, ನಾ ದಿನಾ ಉಣ್ಣಾಗ ನಾಕ್ ತುಣುಕ ಒಗದು ಚರಗಾ ಕೂಗತೇನ್ರಿ. ಅವಕ್ಕ ರೂಢಿ ಆಗೈತಿ," ಎಂದಳು.

"ಹಕ್ಕಿ ಓಡಸಾಕ ಇಟಗೊಂಡ್ರ ಹಕ್ಕಿ ಕರ್ಯಾಕ ಹತ್ತೀಯೇನ? ಚರಗಾ ಕೂಗಾಕ ಇದೇನ ನಿಮ್ಮಪ್ಪನ ಹೊಲಾನ?"

ನಗು ನಿಂತಿತು. ಕೆಂಪವ್ವ ಕವಣೆಯನ್ನು ಅಟ್ಟದ ಕಂಬಕ್ಕೆ ತೂಗುಹಾಕಿ ಕೆಳಗಿಳಿದಳು.

"ನಾಳಿಂದ ಬರಬ್ಯಾಡ," ಎಂದ ಅಜ್ಜ. ಬೀಗರ ಎದುರು ಮಾನ ಹೋದ ಗಂಡಸಿಗೆ ಬೇರೆ ಏನು ಹೊಳೆಯುತ್ತದೆ? ಅಜ್ಜನ ಮೇಲೆ ನನಗೆ ಬಹಳ ಪ್ರೀತಿ, ಆದರೂ ಆ ಮಾತು ಅವನು ಆಡಬಾರದಿತ್ತು. ಅವಳ ಕೂಲಿಯ ಜೋಳವಷ್ಟೇ ಹೋಗಲಿಲ್ಲ. ಅವಳ ಹೊಲವೇ ಹೋಯಿತು.

ಮರುದಿನ ಅಟ್ಟ ಹತ್ತಿದವನು ಸತ್ಯಪ್ಪ. ಆಳು ಎತ್ತರ, ಮೀಸೆ ದಪ್ಪ, ಮಾತು ಅದಕ್ಕಿಂತ ದಪ್ಪ. ಸವದತ್ತಿಯ ಸಂತೆಯಿಂದ ಚಿಮಣಿ ಎಣ್ಣೆಯ ಖಾಲಿ ಡಬ್ಬಿ ತಂದಿದ್ದ. ಅದನ್ನು ಬಡಿದರೆ ಹಕ್ಕಿಗಳು ರಾಮದುರ್ಗ ದಾಟಿ ಹೋಗುತ್ತವೆ ಎಂದು ಬಡಾಯಿ ಕೊಚ್ಚಿದ. ಮೊದಲ ದಿನ ಹಕ್ಕಿಗಳು ಹೆದರಿ ಪಕ್ಕದ ಹೊಲಕ್ಕೆ ಹೋದವು. ಎರಡನೆಯ ದಿನ ಬದುವಿನ ಮೇಲೆ ಕುಳಿತು ನೋಡಿದವು. ಡಬ್ಬಿಯಿಂದ ಕಲ್ಲು ಬರುವುದಿಲ್ಲ, ಬರೀ ಸದ್ದು ಬರುತ್ತದೆ ಎಂದು ಖಾತ್ರಿಯಾದ ಮೇಲೆ ಬಡಿತದ ನಡುವೆಯೇ ತೆನೆ ತಿನ್ನತೊಡಗಿದವು. ಸತ್ಯಪ್ಪನ ಕವಣೆಯ ಕಲ್ಲೋ, ಹಕ್ಕಿಗಿಂತ ಹೆಚ್ಚಾಗಿ ತೆನೆಯನ್ನೇ ಮುರಿಯುತ್ತಿತ್ತು. ಕೊನೆಗೆ ಅವನು ಜಾಣತನ ಮಾಡಲು ಹೋದ. ಬಲಗೈಯಲ್ಲಿ ಕವಣೆ ಹಿಡಿದು, "ಹುಲ್ಲುಲ್ಲಿಗ್ಯೋ" ಎಂದು ಕೂಗಿ, ಬಂದವುಗಳ ಮೇಲೆ ಕಲ್ಲು ಬೀಸಿದ. ಒಮ್ಮೆ ಬಂದವು. ಆಮೇಲೆ ಅವನು ಎಷ್ಟು ಕೂಗಿದರೂ ಒಂದು ಗುಬ್ಬಿಯೂ ತಿರುಗಿ ನೋಡಲಿಲ್ಲ. ಮಾತು ಒಂದೇ ಆದರೂ ಆಡುವ ಮನುಷ್ಯ ಯಾರೆಂದು ಅವು ನೋಡಿಕೊಂಡಿದ್ದವು.

ಇತ್ತ ಕೆಂಪವ್ವ ಮನೆಯಲ್ಲಿ ಕುಳಿತಿದ್ದಳು. ಮಧ್ಯಾಹ್ನ ರೂಢಿಯಂತೆ ರೊಟ್ಟಿಯ ಅಂಚು ಮುರಿದು ಹಾಗೇ ಹಿಡಿದು ಕುಳಿತಳು. ಹೊರಗೆ ಗಲಾಟೆ ಕೇಳಿ ಬಾಗಿಲಿಗೆ ಬಂದು ನೋಡಿದರೆ, ಎದುರುಮನೆಯ ಮಾಳಿಗೆಯ ಮೇಲೆ ಕುಂಟ ಕಾಗೆ ಕುಳಿತಿತ್ತು. ಅದರ ಪಕ್ಕ ಇನ್ನೂ ಹಲವು. ಹೊಲದಲ್ಲಿ ಕಾಣದವಳನ್ನು ಓಣಿ ಓಣಿ ಹುಡುಕಿಕೊಂಡು ಬಂದಿದ್ದವು.

"ನೀವಾದ್ರೂ ಬಂದ್ರಲ್ಲವ್ವಾ ಮಾತಾಡಸಾಕ," ಎಂದಳು ಕೆಂಪವ್ವ. ಅವತ್ತು ಅವಳು ಅತ್ತಳಂತೆ. ಅಳುತ್ತಲೇ ಒಂದಿಡೀ ರೊಟ್ಟಿ ಮುರಿದು ಹಾಕಿದಳಂತೆ. ಹಾಕುತ್ತ ಹಾಕುತ್ತ ಅವಳಿಗೆ ಒಂದು ವಿಚಾರ ಬಂತು. ತಾನಿದ್ದಲ್ಲಿಗೆ ಇವು ಬರುತ್ತವೆ ಎಂದಾದರೆ, ತಾನು ಎಲ್ಲಿರಬೇಕು?

ಊರ ಹೊರಗೆ ಒಂದು ಕಲ್ಲುಗುಡ್ಡ ಇದೆ. ಹುಲ್ಲೂ ನೆಟ್ಟಗೆ ಬೆಳೆಯದ ಜಾಗ, ಸುತ್ತ ಯಾರ ಹೊಲವೂ ಇಲ್ಲ. ಮರುದಿನ ಕೆಂಪವ್ವ ಕಣದ ಕಸ, ಜೊಳ್ಳು, ಹುಲ್ಲುಬೀಜ, ಬೀಸುಕಲ್ಲಿನ ಸುತ್ತ ಉಳಿದ ನುಚ್ಚು, ಸಿಕ್ಕಿದ್ದನ್ನೆಲ್ಲ ಬುಟ್ಟಿಗೆ ತುಂಬಿಕೊಂಡು ಆ ಗುಡ್ಡ ಹತ್ತಿದಳು. ನಿಂತು ಕೂಗಿದಳು. ಬೆಳಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ, ಸಂಜೆ ಒಮ್ಮೆ. ಹಕ್ಕಿಗಳು ಎದ್ದವು, ಹೋದವು, ಅಲ್ಲಿಯೇ ಕೆದಕುತ್ತ ಉಳಿದವು. ಅಜ್ಜಿಗೆ ಸಂಗತಿ ತಿಳಿದು ಬೆಳಗ್ಗೆ ಹಿತ್ತಲ ಬಾಗಿಲಲ್ಲಿ ಅವಳ ಉಡಿಗೆ ನುಚ್ಚು ಹಾಕಿ, "ಅವರಿಗೆ ಹೇಳಬ್ಯಾಡವ್ವಾ," ಎಂದು ಕಳಿಸತೊಡಗಿದಳು. ಅಜ್ಜನ ಜೋಳ ಉಳಿಸಲು ಅಜ್ಜನ ಮನೆಯ ನುಚ್ಚನ್ನೇ ಕದ್ದು ಕೊಡಬೇಕಾದ ಕಾಲ ಬಂದಿತ್ತು.

ಹೊಲ ಖಾಲಿಯಾಯಿತು. ಅಜ್ಜ ಬಂದು ನೋಡಿದ, ಒಂದು ಹಕ್ಕಿ ಇಲ್ಲ.

"ನೋಡ್ರಿ ಮತ್ತ!" ಎಂದು ಸತ್ಯಪ್ಪ ಮೀಸೆ ತಿರುವಿದ. "ಡಬ್ಬಿ ಅಂದ್ರ ಏನಂತ ತಿಳದೀರಿ?"

ಅಜ್ಜ ಅವನಿಗೆ ಶಹಬ್ಬಾಸ್ ಹೇಳಿದ, ಎಲೆಅಡಿಕೆಯನ್ನೂ ಕೊಟ್ಟ. ಸತ್ಯಪ್ಪ ಊರಲ್ಲೆಲ್ಲ ಎದೆ ಮುಂದೆ ಮಾಡಿಕೊಂಡು ತಿರುಗಾಡಿದ. ಈ ಸಂಭ್ರಮ ಬಹಳ ದಿನ ನಡೆಯುತ್ತಿತ್ತೋ ಏನೋ, ಒಂದು ಮಧ್ಯಾಹ್ನ ಅಜ್ಜ ಊಟಕ್ಕೆ ಮನೆಗೆ ಹೋಗದೆ ಹೊಲದಲ್ಲೇ ಉಳಿದ. ಸತ್ಯಪ್ಪ ಅಟ್ಟದ ಕೆಳಗೆ ಡಬ್ಬಿಗೆ ತಲೆಯಿಟ್ಟು ನಿದ್ದೆ ಹೋಗಿದ್ದ. ಡಬ್ಬಿ ಸುಮ್ಮನಿದೆ, ಆದರೂ ಹಕ್ಕಿ ಇಲ್ಲ! ಅಷ್ಟರಲ್ಲಿ ಗಾಳಿಯ ಮೇಲೆ ತೇಲಿ ಬಂತು, ಗುಡ್ಡದ ಕಡೆಯಿಂದ, ಊರಿಗೆಲ್ಲ ಪರಿಚಯವಿದ್ದ ಆ ದನಿ. ಅಜ್ಜ ತಲೆಯೆತ್ತಿದ. ಬೇಲಿಯಲ್ಲಿದ್ದ ಕೊನೆಯ ನಾಲ್ಕು ಗುಬ್ಬಿಗಳೂ ಎದ್ದು ಅತ್ತ ಹೋದವು.

ಅಜ್ಜ ಗುಡ್ಡ ಹತ್ತಿದ. ಹತ್ತುವಾಗ ಮತ್ತೆ ಕೂಗು ಕೇಳಿತು, ಅದರ ಹಿಂದೆ ಸಣ್ಣ ದನಿಯ ಉತ್ತರವೂ. ಮೇಲೆ ಕೆಂಪವ್ವ ಬುಟ್ಟಿ ಸೊಂಟಕ್ಕಿಟ್ಟುಕೊಂಡು ನಿಂತಿದ್ದಳು, ಸುತ್ತ ನೆಲ ಕಾಣದಷ್ಟು ಹಕ್ಕಿ. ಅವನನ್ನು ಕಂಡು ಕಾಗೆಗಳು ಎರಡು ಮಾರು ಸರಿದು ಕುಳಿತವು. ಅವನ ಪಟಗವನ್ನು ಅವೂ ಮರೆತಿರಲಿಲ್ಲ.

ಅಜ್ಜ ಪಟಗವನ್ನು ಕೈಯಿಂದ ಒತ್ತಿ ಹಿಡಿದುಕೊಂಡ. ಆಮೇಲೆ, "ನಾ ನಿನ್ನ ತಗದ ಹಾಕೇನಿ. ಮತ್ತ್ಯಾಕ ನನ್ನ ಹೊಲಾ ಕಾಯಾಕ ಹತ್ತಿ?" ಎಂದ.

"ಅವು ಹಾಳ ಮಾಡಿದ್ರ ಹೆಸರ ನಂದ ಬರತೈತಲ್ರಿ, ಅಣ್ಣಾರ. ಕಲಿಸಿದಾಕಿ ನಾನ."

"ಆತ ಬಿಡು. ನಾಳಿಂದ ಅಟ್ಟಕ್ಕ ಬಾ."

"ಒಲ್ಲೆರಿ," ಎಂದಳು ಕೆಂಪವ್ವ. "ಅಟ್ಟದ ಮ್ಯಾಲ ಸತ್ಯಪ್ಪನ ಇರಲಿ, ನಿದ್ದಿ ಮಾಡಾಕ ಛಲೋ ಜಾಗಾ. ಅಟ್ಟ ನಿಮ್ಮದು. ನೀವ ಹತ್ತಂದ್ರ ಹತ್ತಬೇಕು, ಇಳಿಯಂದ್ರ ಇಳೀಬೇಕು. ಇಲ್ಲಿಂದ ನನ್ನ ಯಾರೂ ಇಳಸಾಂಗಿಲ್ಲ. ನನ್ನ ಕೂಲಿ ಜ್ವಾಳಾ ಕೊಡ್ರಿ, ಹಕ್ಕಿ ನಾ ಇಲ್ಲಿ ಇಟಗೋತೇನಿ."

ಜೋಳದ ಮಾತಿಗೆ ಅಜ್ಜ ತಕ್ಷಣ ಒಪ್ಪಿದ. ಅವನು ಹಾಗೆ ತಕ್ಷಣ ಒಪ್ಪಿದ್ದು ಜನ್ಮದಲ್ಲಿ ಅದೊಂದೇ ಸಲ ಎಂದು ಅಜ್ಜಿ ಹೇಳುತ್ತಿದ್ದಳು. ಹೊರಡಲು ತಿರುಗಿದವನು ನಿಂತು ಕೇಳಿದ: "ಚರಗಾ ಕೂಗಿ ಹಿಂದಿಂದ ಸಣ್ಣ ದನಿಯಾಗ ಉತ್ತರಾ ಕೊಡವರು ಯಾರ? ಇಲ್ಲಿ ಮತ್ಯಾರೂ ಕಾಣವಲ್ರು."

ಕೆಂಪವ್ವ ನಕ್ಕಳು, ಆದರೆ ಅಟ್ಟದ ಮೇಲಿನ ನಗೆಯಲ್ಲ. "ಅದೂ ನಾನರಿ. ಉತ್ತರಾ ಬರಲಿಲ್ಲಂದ್ರ ಚರಗ ಅರ್ಧ ಆದಂಗಲ್ರಿ? ಅದಕ್ಕ ನಾನ ಕೂಗತೇನಿ, ನಾನ ಓ ಅಂತೇನಿ."

ಅಜ್ಜ ಗುಡ್ಡ ಇಳಿದು ಬಂದ. ರಾತ್ರಿ ಊಟಕ್ಕೆ ಕುಳಿತವನು ಅಜ್ಜಿಗೆ, "ನಾಳಿ ನುಚ್ಚ ಸ್ವಲ್ಪ ಹೆಚ್ಚ ಕೊಡು. ಹಿತ್ತಲದಿಂದ ಬ್ಯಾಡ, ಮುಂದಿನ ಬಾಗಿಲದಿಂದ ಕೊಡು," ಎಂದನಂತೆ.

ಆ ವರ್ಷ ಜೋಳ ಚೆನ್ನಾಗಿ ಬಂತು. ನಮ್ಮ ಹೊಲ ಮಾತ್ರವಲ್ಲ, ಸುತ್ತಲಿನ ಹೊಲಗಳೂ ಉಳಿದವು. ಮುಂದಿನ ಹಿಂಗಾರಿಯ ಹೊತ್ತಿಗೆ ಊರ ಹೆಂಗಸರು ತಮ್ಮ ಮನೆಯ ಜೊಳ್ಳು ನುಚ್ಚನ್ನೆಲ್ಲ ಕೆಂಪವ್ವನ ಬಾಗಿಲಿಗೆ ತಂದು ಸುರಿಯತೊಡಗಿದರು. ಕಲ್ಲುಗುಡ್ಡಕ್ಕೆ ಆಗಿನಿಂದ ಕೆಂಪವ್ವನ ಹೊಲ ಎಂದೇ ಹೆಸರು. ಮೊದಲು ಚೇಷ್ಟೆಗೆ ಅಂದದ್ದು, ಆಮೇಲೆ ಅದೇ ಉಳಿಯಿತು. ಒಂದು ಕಾಳೂ ಬೆಳೆಯದ ಹೊಲ, ದಿನವೂ ಚರಗ ಬೀಳುವ ಹೊಲ ನಮ್ಮ ಸೀಮೆಯಲ್ಲಿ ಅದೊಂದೇ.

ಮತ್ತೆ ಎಳ್ಳ ಅಮಾವಾಸ್ಯೆ ಬಂತು. ಅಜ್ಜ ಎಂದಿನಂತೆ ಎಲ್ಲರಿಗಿಂತ ಮೊದಲು ಚರಗ ಮುಗಿಸಿದ. ಒಂದು ಹಕ್ಕಿಯೂ ಬರಲಿಲ್ಲ, ಪಟಗ ತಲೆಯ ಮೇಲೇ ಇತ್ತು. ಆಮೇಲೆ ಊಟಕ್ಕೆ ಕೂರುವ ಬದಲು ಅವನು ಉಳಿದ ಹೋಳಿಗೆ, ಕಡಬುಗಳನ್ನು ಬುಟ್ಟಿಗೆ ಹಾಕಿಸಿಕೊಂಡ. ಅಜ್ಜಿಯ ಕೈಯಿಂದ ಅಂಬಲಿಯ ಗಡಿಗೆ ಇಸಿದುಕೊಂಡ.

"ಎಲ್ಲಿಗೆ ಹೊಂಟ್ರಿ?" ಎಂದಳು ಅಜ್ಜಿ.

"ಇನ್ನೊಂದ ಹೊಲಾ ಉಳದೈತಿ," ಎಂದ.

ಅಜ್ಜಿಯೂ ಹಿಂದೆಯೇ ಹೋದಳು, ಹಾಗಾಗಿಯೇ ನನಗೆ ಇದು ಗೊತ್ತು. ಗುಡ್ಡದ ಮೇಲೆ ಕೆಂಪವ್ವ ಒಬ್ಬಳೇ ಐದು ಕಲ್ಲಿಗೆ ಸುಣ್ಣ ಹಚ್ಚಿ ಕುಳಿತಿದ್ದಳು. ಅಜ್ಜ ಬುಟ್ಟಿಯನ್ನು ಅವಳ ಮುಂದೆ ಇಟ್ಟ. ಗಡಿಗೆಯನ್ನು ತಾನೇ ಹಿಡಿದುಕೊಂಡು ಅವಳ ಹಿಂದೆ ಹೋಗಿ ನಿಂತ. ಊರಲ್ಲಿ ಯಾರ ಹಿಂದೆಯೂ ನಿಂತು ಗೊತ್ತಿಲ್ಲದ ಮನುಷ್ಯ!

"ಕೂಗವ್ವಾ. ನಿನ್ನ ಹೊಲಾ," ಎಂದ.

ಕೆಂಪವ್ವ ಎದ್ದಳು. ಬಾಯಿ ತೆರೆದಳು. ಎತ್ತುಗಳನ್ನು ಬೆದರಿಸುತ್ತಿದ್ದ ಆ ಗಂಟಲಿನಿಂದ ದನಿಯೇ ಹೊರಡಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ಮತ್ತೆ ನಿಂತಳು. ಎರಡನೆಯ ಸಲ ಬಂತು ನೋಡಿ, ಹೊಲಹೊಲಗಳಲ್ಲಿ ಉಣ್ಣುತ್ತಿದ್ದವರೆಲ್ಲ ತುತ್ತು ಕೈಯಲ್ಲಿ ಹಿಡಿದು ಗುಡ್ಡದ ಕಡೆ ನೋಡಿದರಂತೆ.

"ಹುಲ್ಲುಲ್ಲಿಗ್ಯೋ!"

ರೂಢಿಯ ಬಲದಿಂದ ಅವಳು ಉತ್ತರ ಕೊಡಲೂ ಬಾಯಿ ತೆರೆದಿದ್ದಳು. ಅಷ್ಟರಲ್ಲಿ ಹಿಂದಿನಿಂದ ಅಜ್ಜನ ಒಡಕು ದನಿ ಬಂತು.

"ಚಲ್ಲಂಬ್ರಿಗ್ಯೋ!"

ಕೆಂಪವ್ವ ತಿರುಗಿ ನೋಡಲಿಲ್ಲ. ಬುಟ್ಟಿಯಿಂದ ಮೊದಲ ಹೋಳಿಗೆ ಮುರಿದು ಕುಂಟ ಕಾಗೆಯ ಕಡೆ ಎಸೆದು ಮುಂದೆ ನಡೆದಳು. ಅಜ್ಜ ಅಂಬಲಿ ಚಿಮುಕಿಸುತ್ತ ಅವಳ ಹಿಂದೆ ನಡೆದ.